ಫಿಜಿಯ ಮೀನು, ಜೂಟರ್‌ಮೀರ್‌ನ ತಣ್ಣೀರು

ತಣ್ಣೀರು ಮುಟ್ಟಿದರೆ ಕೈ ಸುಡುತ್ತದೆ ಅಂತ ಒಮ್ಮೆ ನಾಲ್ಕು ಜನರ ಎದುರು ಹೇಳಿ ನೋಡಿ. ನಿಮ್ಮವರು ಯಾರು, ಎಷ್ಟರವರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಬ್ಬರು ನಗುತ್ತಾರೆ. ಒಬ್ಬರು ಹಣೆ ಮುಟ್ಟಿ ನೋಡುತ್ತಾರೆ. ಇನ್ನೊಬ್ಬರು ನಿಮ್ಮನ್ನು ಬಿಟ್ಟು ನಿಮ್ಮ ಗಂಡನ ಕಡೆ ತಿರುಗಿ, "ಇವಳಿಗೆ ಆಫೀಸಲ್ಲಿ ಕೆಲಸ ಜಾಸ್ತಿನಾ?" ಅನ್ನುತ್ತಾರೆ. ನನಗೆ ಈ ಮೂರೂ ಆಗಿದೆ. ಈಗ ಬಹುಮಟ್ಟಿಗೆ ಹುಷಾರಾಗಿದ್ದೇನೆ, ಆದರೆ ಹುಷಾರಾದ ಸಂತೋಷಕ್ಕೆ ಇದನ್ನು ಬರೆಯುತ್ತಿಲ್ಲ. ಎಲ್ಲೋ ಯಾರೋ ಒಬ್ಬಳು ನಲ್ಲಿಯ ಕೆಳಗೆ ಕೈ ಹಿಡಿದು, ಬೆಚ್ಚಿ ಹಿಂದಕ್ಕೆ ಎಳೆದುಕೊಂಡು, ನನಗೆ ತಲೆ ಕೆಟ್ಟಿತೇ ಎಂದುಕೊಳ್ಳುತ್ತ ನಿಂತಿರಬಹುದು. ಅವಳಿಗೆ ಹೇಳುತ್ತಿದ್ದೇನೆ, ಕೆಟ್ಟಿಲ್ಲ. ಉಳಿದವರು ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ಫಿಜಿಗೆ ಹೋಗಿದ್ದು ನಾಮಕರಣಕ್ಕೆ. ನನ್ನ ಗಂಡ ಶ್ರೀಧರನ ತಂಗಿ ರಶ್ಮಿ ಅಲ್ಲಿ ಸುವಾ ಎಂಬ ಊರಿನಲ್ಲಿದ್ದಾಳೆ, ಅವಳ ಗಂಡನಿಗೆ ಅಲ್ಲಿ ಕೆಲಸ. ಶ್ರೀಧರನದು ಮೈಸೂರಿನ ಕಡು ಸಸ್ಯಾಹಾರಿ ಮನೆತನ. ನಾನು ಗಂಗೊಳ್ಳಿಯವಳು, ಕುಂದಾಪುರದ ಪಕ್ಕದ ಬಂದರಿನವಳು. ಮೀನಿಲ್ಲದ ಊಟ ನಮಗೆ ಹುಷಾರಿಲ್ಲದವರ ಊಟ. ಜೂಟರ್‌ಮೀರ್‌ನ ನಮ್ಮ ಮನೆಯಲ್ಲಿ ಇದಕ್ಕೊಂದು ಒಪ್ಪಂದವಿದೆ. ಹಿತ್ತಲಲ್ಲಿ ಸೈಕಲ್ ಇಡುವ ಶೆಡ್ಡು, ಅಲ್ಲೊಂದು ಕರೆಂಟಿನ ಒಲೆ, ನನ್ನದೇ ಬಾಣಲೆ. ಮೀನು ಅಲ್ಲೇ ಹುಟ್ಟಿ ಅಲ್ಲೇ ಸಾಯಬೇಕು. ಚಳಿಗಾಲದಲ್ಲಿ ಕೋಟು ಹಾಕಿಕೊಂಡು ಬಂಗುಡೆ ಹುರಿಯುವ ಹೆಂಗಸು ನೆದರ್‌ಲ್ಯಾಂಡ್ಸಿನಲ್ಲಿ ಬಹುಶಃ ನಾನೊಬ್ಬಳೇ.

ಹೊರಡುವ ಮುಂಚೆ ನಮ್ಮ ಮನೆಯಲ್ಲಿ ನಡೆದಿದ್ದಕ್ಕೆ ಪ್ರಯಾಣದ ತಯಾರಿ ಅನ್ನುವುದಕ್ಕಿಂತ ಕಸ್ಟಮ್ಸ್ ಪಾರಾಯಣ ಅನ್ನುವುದೇ ಸರಿ. ದ್ವೀಪದ ಜನ ಹೊರಗಿನ ಹುಳ, ಬೀಜ, ರೋಗ ಒಳಗೆ ನುಸುಳದಂತೆ ಕಾಯುತ್ತಾರೆ. ತಿನ್ನುವ ವಸ್ತು, ಮರದ ವಸ್ತು, ಬೇರು, ಬೀಜ ಏನಿದ್ದರೂ ಇಳಿದ ಕೂಡಲೇ ಹೇಳಬೇಕು, ಮುಚ್ಚಿಟ್ಟರೆ ದಂಡ. ಇದರಲ್ಲಿ ಅರ್ಥವಾಗದ್ದು ಏನಿದೆ? ಆದರೆ ಮೈಸೂರಿನಿಂದ ಅತ್ತೆಯವರು ವಿಡಿಯೋ ಕಾಲಿನಲ್ಲಿ ಒಂದೊಂದೇ ಹೇಳುತ್ತ ಹೋದರು. ಮಗುವಿಗೆ ತೇಯ್ದು ಕೊಡಲು ಬಜೆ ಬೇರು, ನಾಲಿಗೆಗೆ ಮುಟ್ಟಿಸಲು ಜೇನುತುಪ್ಪ, ಮನೆಯಲ್ಲೇ ಕಾಯಿಸಿದ ತುಪ್ಪ, ಎಳ್ಳು, ಸಾರಿನ ಪುಡಿ, ಚನ್ನಪಟ್ಟಣದ ಮರದ ಗಿಲಕಿ. ಸಾಲದ್ದಕ್ಕೆ ಬಾಣಂತಿಗೆ ಕೊಬ್ಬರಿ. ಹೋಗುತ್ತಿರುವುದು ತೆಂಗಿನ ದ್ವೀಪಕ್ಕೆ! ಆ ದೇಶ ಏನೇನು ತರಬೇಡಿ ಅನ್ನುತ್ತದೋ ಅದನ್ನೆಲ್ಲ ಒಂದೂ ಬಿಡದೆ ಒಂದೇ ಪೆಟ್ಟಿಗೆಗೆ ತುಂಬಿಸುವ ಹಟವಿತ್ತು ಅವರಿಗೆ.

ಅದರ ಮೇಲೆ ಇಲ್ಲಿನ ಆಲ್ಮೆರೆ ಎಂಬ ಊರಿನ ಮೂರ್ತಿಯವರು. ಈ ದೇಶಕ್ಕೆ ಬಂದು ಬಹಳ ವರ್ಷವಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಇಲ್ಲಿನ ಕನ್ನಡದವರಿಗೆಲ್ಲ ತೆರಿಗೆಯಿಂದ ಹಿಡಿದು ಮೂಲವ್ಯಾಧಿಯ ತನಕ ಬಿಟ್ಟಿ ಸಲಹೆ ಕೊಡುವವರು. ಫಿಜಿಯನ್ನು ಅವರು ನಕ್ಷೆಯಲ್ಲೂ ಸರಿಯಾಗಿ ನೋಡಿರಲಿಕ್ಕಿಲ್ಲ.

"ಏನೂ ಡಿಕ್ಲೇರ್ ಮಾಡ್ಬೇಡಿ ಶ್ರೀಧರ್," ಅಂದರು ಫೋನಿನಲ್ಲಿ. "ಅಲ್ಲಿ ಅರ್ಧ ಜನ ನಮ್ಮೋರೇ. ಒಂದು ನಮಸ್ಕಾರ ಹಾಕಿದ್ರೆ ಬಿಟ್ಬಿಡ್ತಾರೆ."

ಶ್ರೀಧರ ನನ್ನ ಗಂಡನಾದರೂ ಪ್ರಾಮಾಣಿಕ ಮನುಷ್ಯ. ಎಲ್ಲವನ್ನೂ ಬರೆದು ಕೊಟ್ಟ. ಅಲ್ಲಿನ ಅಧಿಕಾರಿ, ಬಹಳ ಸಭ್ಯಸ್ಥ, ಜೇನು, ತುಪ್ಪ, ಬಜೆ, ಎಳ್ಳು, ಕೊಬ್ಬರಿ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟ. ಗಿಲಕಿಯಲ್ಲಿ ಹುಳ ಕೊರೆದ ತೂತಿದೆಯೇ ಎಂದು ತಿರುಗಿಸಿ ನೋಡಿ ವಾಪಸು ಕೊಟ್ಟ. ಅತ್ತೆಯವರ ಪೆಟ್ಟಿಗೆಯಲ್ಲಿ ಉಳಿದಿದ್ದು ಆ ಗಿಲಕಿ ಮತ್ತು ಸಾರಿನ ಪುಡಿ. ದಂಡ ಬೀಳಲಿಲ್ಲ ಎಂದು ಶ್ರೀಧರ ಐಎಎಸ್ ಪಾಸಾದವನ ಹಾಗೆ ಎದೆಯುಬ್ಬಿಸಿ ಹೊರಗೆ ಬಂದ. ನಮ್ಮ ಇಡೀ ಬಳಗದ ಬುದ್ಧಿ, ಎಚ್ಚರ, ಜಾಗರೂಕತೆ ಎಲ್ಲ ಅಲ್ಲಿಗೆ ಖರ್ಚಾಗಿ ಮುಗಿಯಿತು.

ಯಾಕೆಂದರೆ ಆ ದೇಶಕ್ಕೆ ಹೋಗುವವರಿಗೆ ಕೊಡುವ ಸೂಚನೆಗಳಲ್ಲಿ ಎರಡನೆಯ ಭಾಗವೂ ಇತ್ತು, ಆರೋಗ್ಯದ್ದು. ಅದನ್ನು ಯಾರೂ ಪಾರಾಯಣ ಮಾಡಲಿಲ್ಲ. ಜೂಟರ್‌ಮೀರ್‌ನ ಲಸಿಕೆ ಕೇಂದ್ರದಲ್ಲಿ ನರ್ಸ್ ಒಬ್ಬಳು ಸೊಳ್ಳೆ, ನೀರು, ಬಿಸಿಲು ಎಲ್ಲ ಹೇಳಿ ಕೊನೆಗೆ, "ಹವಳದ ಬಂಡೆಯ ಹತ್ತಿರ ಸಿಗುವ ದೊಡ್ಡ ಮೀನು ತಿನ್ನಬೇಡಿ. ತಲೆ, ಯಕೃತ್ತು, ಮೊಟ್ಟೆ ಅಂತೂ ಬೇಡವೇ ಬೇಡ," ಎಂದಳು. ನಾನು ನಕ್ಕುಬಿಟ್ಟೆ. ಹಸಿ ಹೆರಿಂಗ್ ಮೀನಿಗೆ ಈರುಳ್ಳಿ ಉದುರಿಸಿ ಬಾಲ ಹಿಡಿದು ನುಂಗುವ ದೇಶದವಳು ಗಂಗೊಳ್ಳಿಯವಳಿಗೆ ಮೀನಿನ ಪಾಠ ಹೇಳುವುದೇ!

ಸುವಾದಿಂದ ಒಂದು ದಿನ ಸಮುದ್ರದ ಕಡೆ ಹೋದಾಗ, ದಡದ ಒಂದು ಸಣ್ಣ ಹೋಟೆಲಿನಲ್ಲಿ ಆಗ ತಾನೇ ದೋಣಿಯಿಂದ ಇಳಿಸಿದ ಮೀನಿತ್ತು. ನಮ್ಮೂರಿನ ಮುರುಮೀನಿನ ಜಾತಿಯದು, ಆದರೆ ಅದರ ದೊಡ್ಡಣ್ಣನಷ್ಟು ದಪ್ಪ. ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಕಿವಿರು ಎತ್ತಿ ನೋಡಿದೆ, ದಾಸವಾಳದ ಕೆಂಪು. ಕಣ್ಣು ಫಳಫಳ. ಬೆರಳಿನಿಂದ ಒತ್ತಿದೆ, ಮಾಂಸ ತಕ್ಷಣ ಮೇಲೆದ್ದಿತು. ನಮ್ಮಲ್ಲಿ ಇಷ್ಟು ನೋಡಿದರೆ ಮುಗಿಯಿತು. ಮೀನು ತಾಜಾ ಇದ್ದರೆ ಅಮೃತ, ಹಳಸಿದರೆ ವಿಷ, ಇವೆರಡರ ನಡುವೆ ಬೇರೇನೂ ಇದೆಯೆಂದು ನಮ್ಮ ಕರಾವಳಿಯಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲ. ಮತ್ತೆ, ತಲೆ. ನಮ್ಮ ಮನೆಯಲ್ಲಿ ಮೀನಿನ ತಲೆ ಮನೆಗೆ ಬಂದ ಅಳಿಯನಿಗೋ ಹಿರಿಯರಿಗೋ ಬೀಳುತ್ತದೆ, ಹೆಣ್ಣುಮಕ್ಕಳ ತಟ್ಟೆಗೆ ಬರುವುದು ಅಪರೂಪ. ಆ ಮೇಜಿನಲ್ಲಿ ಮೀನು ತಿನ್ನುವವಳು ನಾನೊಬ್ಬಳೇ. ತೆಂಗಿನ ಹಾಲಿನಲ್ಲಿ ಬೇಯಿಸಿದ ಆ ಇಡೀ ತಲೆಯನ್ನು ಕೆನ್ನೆ, ತುಟಿ, ಮಿದುಳು ಒಂದೂ ಬಿಡದೆ ಚೀಪಿ ತಿಂದೆ. ರಶ್ಮಿ ಮುಖ ಆ ಕಡೆ ತಿರುಗಿಸಿಕೊಂಡು ಚಿಪ್ಸ್ ತಿನ್ನುತ್ತಿದ್ದಳು. ನನ್ನ ತಪ್ಪು ಅಂತ ಇಲ್ಲಿ ಬರೆದುಬಿಟ್ಟರೆ ಬಹಳ ಜನರಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ. ಬರೆಯುವುದಿಲ್ಲ. ಅಷ್ಟು ರುಚಿಯಾದ ಮೀನನ್ನು ನಾನು ಮೊದಲು ತಿಂದಿರಲಿಲ್ಲ, ಅದೂ ಸತ್ಯ.

ಸಂಜೆಗೆ ವಾಂತಿ, ಭೇದಿ. ಅದು ಎರಡು ದಿನಕ್ಕೆ ನಿಂತಿತು. ಆಮೇಲೆ ಶುರುವಾಯಿತು ನಿಜವಾದದ್ದು. ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮುಜುಮು, ಅಂಗೈ ಅಂಗಾಲು ತುರಿಕೆ, ಹಲ್ಲುಗಳೆಲ್ಲ ಸಡಿಲವಾದ ಹಾಗೆ. ವಿಮಾನದಲ್ಲಿ ಹುಡುಗಿ ಐಸ್ ಹಾಕಿದ ನೀರು ಕೊಟ್ಟಳು. ಒಂದು ಗುಟುಕು ಕುಡಿದೆ, ಕುದಿಯುವ ಕಾಫಿ ಬಾಯಿಗೆ ಸುರಿದ ಹಾಗಾಗಿ ಲೋಟ ಕೈಬಿಟ್ಟೆ. ನೀರು ಶ್ರೀಧರನ ತೊಡೆಯ ಮೇಲೆ ಬಿತ್ತು. ಅವನು ಚಳಿಗೆ ಕೂಗಿದ, ನಾನು ಉರಿಗೆ ಕೂಗಿದೆ.

ನಾವು ವಾಪಸು ಬಂದಿದ್ದು ಚಳಿಗಾಲದ ನಡುಮಧ್ಯಕ್ಕೆ. ತಣ್ಣಗಿದ್ದದ್ದೆಲ್ಲ ಸುಡುವವಳಿಗೆ ಈ ದೇಶದ ಜನವರಿ ಎಂದರೆ ಏನೆಂದು ಹೇಗೆ ಹೇಳಲಿ? ಬಾಗಿಲಿನ ಚಿಲಕ ಸುಡುತ್ತಿತ್ತು. ಸೈಕಲ್ಲಿನ ಬ್ರೇಕು ಸುಡುತ್ತಿತ್ತು. ಮೊಸರು ಸುಡುತ್ತಿತ್ತು. ಅಡುಗೆಮನೆಯಲ್ಲೂ ಉಲ್ಲನ್ ಕೈಗವಸು ಹಾಕಿಕೊಂಡೇ ಸೊಪ್ಪು ಹೆಚ್ಚಿದೆ. ಮೈಕೈ ನೋವು, ಸುಸ್ತು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಹಾಸಿಗೆಯ ಮೇಲೆ ಕುಸಿಯುವಷ್ಟು.

ಇಲ್ಲಿ ಕಾಯಿಲೆ ಬಿದ್ದರೆ ಮೊದಲು ಹೌಸಾರ್ಟ್ಸ್, ಅಂದರೆ ಕುಟುಂಬ ವೈದ್ಯ. ಅವನನ್ನು ದಾಟದೆ ಯಾವ ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ. ಅವನನ್ನು ಕಾಣಬೇಕಾದರೆ ಫೋನ್ ಎತ್ತುವ ಸಹಾಯಕಿಯನ್ನು ದಾಟಬೇಕು. ಜ್ವರ ಇದೆಯಾ? ಇಲ್ಲ. ಉಸಿರಾಟ? ಸರಿ ಇದೆ. ಹಾಗಾದರೆ ಪ್ಯಾರಾಸಿಟಮಾಲ್ ತಗೊಂಡು ಒಂದು ವಾರ ನೋಡಿ. ಈ ದೇಶದಲ್ಲಿ ಸತ್ತವರಿಗೂ ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಒಂದು ವಾರ ನೋಡುತ್ತಾರೆಂದು ನನ್ನ ಅನುಮಾನ.

ಕೊನೆಗೂ ಒಳಗೆ ಬಿಟ್ಟರು. ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಸುತ್ತ ಇಟ್ಟಿದ್ದರು. ಒಳಗೆ ಬಂದ ಪ್ರತಿಯೊಬ್ಬನೂ ಇಡೀ ಕೋಣೆಗೆ ಗುಡ್ ಮಾರ್ನಿಂಗ್ ಹೇಳಬೇಕು, ಕೂತವರೆಲ್ಲ ತಿರುಗಿ ಹೇಳಬೇಕು, ಆಮೇಲೆ ಎಲ್ಲರೂ ನೆಲ ನೋಡಬೇಕು. ಡಾಕ್ಟರು ಚಿಕ್ಕ ವಯಸ್ಸಿನವನು, ಎತ್ತರಕ್ಕೆ ಬಗ್ಗಿ ಬಗ್ಗಿ ಕೂತಿದ್ದ. ಒಂದು ಭೇಟಿಗೆ ಒಂದೇ ತೊಂದರೆ ಹೇಳಬೇಕೆಂದು ಮೊದಲೇ ಹೇಳಿದ. ತುಟಿಯೋ, ಕೈಯೋ, ಸುಸ್ತೋ, ಯಾವುದನ್ನು ಆರಿಸಲಿ? ಫಿಜಿಯಿಂದ ಬಂದಿದ್ದೇವೆ ಎಂದೆ. "ಓ, ರಜೆ ಚೆನ್ನಾಗಿತ್ತಾ?" ಎಂದ. ತಣ್ಣೀರು ಸುಡುತ್ತದೆ ಎಂದೆ. ವಾಂತಿ ನಿಂತುಹೋಗಿದ್ದರಿಂದ ಮೀನಿನ ಮಾತು ನಾನೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಅವನು ನನ್ನೆದುರೇ ಕಂಪ್ಯೂಟರಿನಲ್ಲಿ ಏನೋ ಹುಡುಕಿದ, ರಕ್ತ ಪರೀಕ್ಷೆ ಬರೆದ. ಎಲ್ಲ ಸರಿಯಿದೆ ಎಂದು ಬಂತು. ಇನ್ನೊಮ್ಮೆ ಹೋದೆವು. ಆಗ ಅವನು ಪೆನ್ನು ಕೆಳಗಿಟ್ಟು, ತುಂಬ ಮೃದುವಾದ ದನಿಯಲ್ಲಿ, ಮನೆಯಲ್ಲಿ ಹೇಗಿದೆ, ಕೆಲಸದಲ್ಲಿ ಹೇಗಿದೆ ಎಂದು ಕೇಳಿದ. ಆ ಮೃದುತನ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಇವನು ನನ್ನನ್ನು ಕೈಬಿಟ್ಟ.

ಅವನು ಕೈಬಿಟ್ಟರೆ ಬಿಡಲಿ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ಬಾಯಿ ತೆರೆದ.

"ಆಫೀಸಲ್ಲಿ ಅವಳಿಗೆ ಸ್ವಲ್ಪ ಸ್ಟ್ರೆಸ್ ಇದೆ ಡಾಕ್ಟರ್. ಹೋದ ವರ್ಷದಿಂದ್ಲೂ ಇದೆ," ಅಂದ.

ಡಾಕ್ಟರನ ಮುಖ ಅರಳಿತು. ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗಲು ಚೀಟಿ ಬರೆದ. ಹೊರಗೆ ಬಂದು ಟ್ರಾಮಿಗೆ ಕಾಯುವಾಗ ನಾನು ಕೇಳಿದೆ, "ನಾನು ಸುಳ್ಳು ಹೇಳ್ತಿದೀನಿ ಅಂತನಾ?"

"ಸುಳ್ಳು ಅಂತ ಅಲ್ಲ ಕಣೆ. ನಿಂಗೆ ಹಾಗ್ ಅನ್ಸ್ತಿದೆ ಅಂತ. ಅನ್ಸೋದೇ ಬೇರೆ, ಇರೋದೇ ಬೇರೆ ಅಲ್ವಾ?"

ಈ ಕಾಯಿಲೆಯಲ್ಲಿ ನಾನು ಕಳೆದುಕೊಳ್ಳಲು ಹೊರಟಿರುವುದು ಏನು ಎಂದು ನನಗೆ ಆ ಟ್ರಾಮ್ ನಿಲ್ದಾಣದಲ್ಲಿ ಗೊತ್ತಾಯಿತು. ಸಾಯುವ ಭಯ ನನಗಿರಲಿಲ್ಲ. ಒಂದೇ ಸೂರಿನ ಕೆಳಗೆ ಮಲಗುವ ಮನುಷ್ಯ ನನ್ನ ಮೈಯ ಬಗ್ಗೆ ನಾನು ಹೇಳಿದ್ದನ್ನು ನಂಬದಿದ್ದರೆ, ಆಮೇಲೆ ಹುಷಾರಾಗಿ ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಬದುಕುವುದು? ಆ ಭಯವಿತ್ತು.

ಬೇರೆಯವರ ವಿಷಯ ಕೇಳಬೇಡಿ. ಮೈಸೂರಿನ ಅತ್ತೆಯವರಿಗೆ ಕಾರಣ ಮೊದಲ ದಿನವೇ ಸಿಕ್ಕಿತ್ತು. "ಅದನ್ನೆಲ್ಲ ತಿನ್ನೋದು ಬಿಡು ಅಂತ ಎಷ್ಟ್ ಸಲ ಹೇಳಿದೀನಮ್ಮ," ಎಂದರು. ದನಿಯಲ್ಲಿ ಮರುಕಕ್ಕಿಂತ ಗೆಲುವೇ ಹೆಚ್ಚಿತ್ತು. ಸರಿ, ಹೆತ್ತಮ್ಮನ ಹತ್ತಿರ ಹೇಳಿಕೊಂಡರೆ, ಅಲ್ಲಿ ಮೀನಿನ ಮಾನದ ಪ್ರಶ್ನೆ.

"ಹೆಣೇ, ಮೀನ್ ತಿಂದ್ ಯಾರಿಗಾರೂ ಹಿಂಗ್ ಆಯ್ತಾ?" ಅಮ್ಮ ಗಂಗೊಳ್ಳಿಯಿಂದ ಸಿಡುಕಿದಳು. "ನಿನ್ ಅಜ್ಜಯ್ಯ ತಲಿ ತಿಂದೇ ಅಷ್ಟ್ ಕಾಲ ಬದ್ಕಿರ್ ಅಲ್ದಾ? ಅದ್ ಮೀನಿಂದಲ್ಲ, ದೃಷ್ಟಿ. ತಿಂದ್ ಮೇಲ್ ಹಾಲ್ ಗೀಲ್ ಕುಡ್ದ್ಯಾ?"

ಹೀಗೆ ಒಂದು ಕಡೆ ಮೀನನ್ನು ಗಲ್ಲಿಗೇರಿಸಲು ಕಾದವರು, ಇನ್ನೊಂದು ಕಡೆ ಮೀನಿನ ಪರ ವಕೀಲರು. ನಡುವೆ ನಾನು ಕೈಗವಸು ಹಾಕಿಕೊಂಡು ಗಂಜಿ ಕುಡಿಯುತ್ತಿದ್ದೆ. ಬೆಚ್ಚಗಿನ ಗಂಜಿಗೆ ಒಂದು ಚೂರು ಉಪ್ಪಿನಕಾಯಿ, ಅದೊಂದೇ ಬಾಯಿಗೆ ಮೋಸ ಮಾಡದೆ ಇಳಿಯುತ್ತಿದ್ದುದು. ಒಬ್ಬಳೇ ಇದ್ದಾಗ ನಲ್ಲಿ ತಿರುಗಿಸಿ ಬೆರಳ ತುದಿ ಇಟ್ಟು ನೋಡುತ್ತಿದ್ದೆ. ಸುಟ್ಟರೆ ಅಳು ಬರುತ್ತಿತ್ತು, ಒಂದೊಂದು ದಿನ ಕಡಿಮೆ ಸುಟ್ಟರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು, ಅವರೆಲ್ಲ ಹೇಳಿದ್ದೇ ನಿಜವಾಗಿಬಿಟ್ಟರೆ ಎಂದು.

ಮನಶ್ಶಾಸ್ತ್ರಜ್ಞೆಯ ಹತ್ತಿರ ನಾನು ಹೋಗಲಿಲ್ಲ. ಈ ಊರಿನಲ್ಲಿ ಹಟ ಹಿಡಿಯದೆ ಏನೂ ಸಿಗುವುದಿಲ್ಲವೆಂದು ಆಫೀಸಿನ ಸಹೋದ್ಯೋಗಿಯೊಬ್ಬಳು ಹೇಳಿಕೊಟ್ಟಿದ್ದಳು. ಮತ್ತೆ ಹೌಸಾರ್ಟ್ಸ್ ಹತ್ತಿರ ಹೋಗಿ, ಉಷ್ಣವಲಯದ ಕಾಯಿಲೆ ನೋಡುವವರ ಬಳಿ ಕಳಿಸಿ, ಇಲ್ಲವಾದರೆ ಕೇಳಿದರೂ ಕಳಿಸಲಿಲ್ಲ ಎಂದು ನನ್ನ ಫೈಲಿನಲ್ಲಿ ಬರೆದುಬಿಡಿ ಎಂದೆ. ಅಷ್ಟು ಹೊತ್ತು ಮೃದುವಾಗಿದ್ದ ಮನುಷ್ಯ ತುಟಿ ಬಿಗಿದುಕೊಂಡು ಟೈಪ್ ಮಾಡಿದ. ಕಳಿಸಿದ.

ದೊಡ್ಡ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುರ್ಚಿಗೆ ಉಕ್ಕಿನ ಕೈಗಳು. ಮರೆತು ಮೊಣಕೈ ಇಟ್ಟೆ, ಚಟ್ಟನೆ ಎತ್ತಿಕೊಂಡೆ. ಪಕ್ಕದಲ್ಲಿದ್ದ ಒಬ್ಬ ಡಚ್ ಮುದುಕಿ ನೋಡಿದಳು. ಏನಾಯಿತು ಎಂದು ಕೇಳಲಿಲ್ಲ, ಸಲಹೆ ಕೊಡಲಿಲ್ಲ. ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿ, ಆ ಉಕ್ಕಿನ ಮೇಲೆ ಎರಡು ಸುತ್ತು ಸುತ್ತಿ, ಮತ್ತೆ ತನ್ನ ಪತ್ರಿಕೆ ಓದತೊಡಗಿದಳು. ಆ ಇಡೀ ಚಳಿಗಾಲದಲ್ಲಿ ನನಗೆ ಸಿಕ್ಕಿದ ಚಿಕಿತ್ಸೆ ಅಂದರೆ ಅದೊಂದೇ.

ಒಳಗಿದ್ದ ಡಾಕ್ಟರು ನಿವೃತ್ತಿಗೆ ಹತ್ತಿರವಾದ ಹೆಂಗಸು. ಎಲ್ಲಿಗೆ ಹೋಗಿದ್ದಿರಿ ಎಂದಳು, ಹೇಳಿದೆ. ಮೀನು ತಿಂದಿರಾ? ತಿಂದೆ. ದೊಡ್ಡದಾ? ದೊಡ್ಡದು. ಯಾವ ಭಾಗ? ತಲೆ, ಎಂದೆ. ಅವಳು ಕನ್ನಡಕ ತೆಗೆದು ನನ್ನ ಕೈಗವಸುಗಳನ್ನು ನೋಡಿದಳು.

"ತಣ್ಣಗಿರುವುದು ಸುಡುತ್ತದೆಯಾ?" ಎಂದು ಕೇಳಿದಳು.

ನಾನು ಆ ಮಾತನ್ನು ಇನ್ನೂ ಹೇಳಿಯೇ ಇರಲಿಲ್ಲ. ಅಷ್ಟೂ ದಿನ ಹಿಡಿದಿಟ್ಟಿದ್ದೆಲ್ಲ ಒಡೆದು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಟಿಶ್ಯೂ ಡಬ್ಬಿ ಮುಂದೆ ತಳ್ಳಿ, ಅಳು ಮುಗಿದ ಮೇಲೆ ಬಿಡಿಸಿ ಹೇಳಿದಳು. ಹವಳದ ಬಂಡೆಯಲ್ಲಿ ಬೆಳೆಯುವ ಒಂದು ವಿಷ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಹೋಗಿ ಸೇರುತ್ತದೆ. ಎಷ್ಟು ತಾಜಾ ಇದ್ದರೂ ಇರುತ್ತದೆ, ಎಷ್ಟು ಬೇಯಿಸಿದರೂ ಸಾಯುವುದಿಲ್ಲ. ಇದಕ್ಕೆ ಇಲ್ಲಿ ಪರೀಕ್ಷೆಯಿಲ್ಲ, ಔಷಧಿಯಿಲ್ಲ, ತಾನಾಗಿಯೇ ನಿಧಾನ ಇಳಿಯುತ್ತದೆ. ಅಲ್ಲಿಯವರೆಗೆ ಮೀನು, ಮದ್ಯ, ಗೋಡಂಬಿ ಬಾದಾಮಿ ಶೇಂಗಾ ಮುಟ್ಟಬಾರದು, ಮುಟ್ಟಿದರೆ ಮರುಕಳಿಸಬಹುದು. ಇಷ್ಟೇ ಅವಳು ಹೇಳಿದ್ದು. ಔಷಧಿಯಿಲ್ಲ ಎಂಬ ಮಾತು ಕೇಳಿ ಅಷ್ಟು ಸಂತೋಷಪಟ್ಟ ರೋಗಿ ಅವಳಿಗೆ ಇನ್ನೊಬ್ಬಳು ಸಿಕ್ಕಿರಲಿಕ್ಕಿಲ್ಲ.

ಕಾರಿಡಾರಿನಲ್ಲಿ ಶ್ರೀಧರ ಬೆಪ್ಪಾಗಿ ನಿಂತಿದ್ದ. "ಸಾರಿ ಕಣೆ. ಇಂಥದ್ದೊಂದು ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ನಾನು ಹೇಳ್ದಾಗ ಇರ್ಲಿಲ್ವಾ?" ಎಂದೆ.

ಅವನು ಅವತ್ತಿನಿಂದ ನಂಬಿದ, ಹೌದು. ಬಿಳಿ ಕೋಟಿನ ಬಾಯಿಂದ ಬಂದ ಕೂಡಲೇ ನಂಬಿದ. ಆ ಕಾಯಿಲೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿ ನನಗೇ ಪಾಠ ಹೇಳತೊಡಗಿದ. ಮನೆಗೆ ತರುವ ಪ್ರತಿ ಬಿಸ್ಕತ್ ಪೊಟ್ಟಣದ ಹಿಂದೆ ಬರೆದಿದ್ದನ್ನು ಓದುತ್ತಿದ್ದ. ಒಳ್ಳೆಯ ಗಂಡ ಎಂದು ನೀವು ಅನ್ನಬಹುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ನಂಬಿದ್ದು ಆ ಡಾಕ್ಟರನ್ನು. ನನ್ನನ್ನಲ್ಲ. ಅವಳು ಆ ದಿನ ರಜೆ ಹಾಕಿದ್ದರೆ ನಾನು ಇವತ್ತಿಗೂ ಸ್ಟ್ರೆಸ್ಸಿನ ಹೆಂಗಸೇ.

ವಸಂತ ಬಂತು, ಬೇಸಿಗೆ ಬಂತು. ಉರಿ ಇಳಿಯಿತು. ಕೈಗವಸು ಕಪಾಟಿಗೆ ಹೋಯಿತು. ಗಣೇಶನ ಹಬ್ಬಕ್ಕೆ ಆಲ್ಮೆರೆಯ ಸಭಾಂಗಣವೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದರು, ನಾವೂ ಹೋದೆವು. ಪೂಜೆ ಮುಗಿದ ಮೇಲೆ ಮೂರ್ತಿಯವರ ಹೆಂಡತಿ ಎಲ್ಲರ ಕೈಗೆ ಪಂಚಕಜ್ಜಾಯ ಹಾಕುತ್ತ ಬಂದರು. ಇದರಲ್ಲಿ ಗೋಡಂಬಿ ಇದೆಯಾ ಎಂದು ಕೇಳಿದೆ.

"ಪ್ರಸಾದಕ್ಕೆ ಹಾಗೆಲ್ಲ ಕೇಳ್ಬಾರ್ದಮ್ಮ. ದೇವ್ರದು, ಏನೂ ಆಗಲ್ಲ. ಕಣ್ಣಿಗೊತ್ಕೊಂಡು ತಿನ್ನು," ಎಂದು ಎದುರೇ ನಿಂತರು. ಹಿಂದೆ ಸಾಲು ಬೆಳೆಯುತ್ತಿತ್ತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.

ಊಟಕ್ಕೆ ಕೂರುವ ಹೊತ್ತಿಗೆ ತುಟಿಯ ಸುತ್ತ ಜುಮುಜುಮು ಶುರು. ಅಲ್ಲ, ಅಲ್ಲ ಎಂದುಕೊಳ್ಳುತ್ತ ಮಜ್ಜಿಗೆಯ ಲೋಟ ಎತ್ತಿದೆ. ಐಸ್ ಹಾಕಿದ್ದರು. ಬಾಯಿಗೆ ಬಿದ್ದ ತಕ್ಷಣ ಉಗುಳಿಬಿಟ್ಟೆ, ರೇಷ್ಮೆ ಸೀರೆಯ ಮೇಲೆ, ಎಲ್ಲರ ಎದುರು. "ಸುಡ್ತು," ಎಂದೆ.

ಜನ ಸೇರಿದರು. ಯಾರೋ ಲೋಟ ಮುಟ್ಟಿ ನೋಡಿ, ತಣ್ಣಗೇ ಇದೆಯಲ್ಲ ಎಂದರು. ಇನ್ನೊಬ್ಬರು ಈಸಿಕೊಂಡು ಮುಟ್ಟಿದರು. ನನ್ನ ಲೋಟ ಕೈಯಿಂದ ಕೈಗೆ ಹೋಗತೊಡಗಿತು, ಮುಟ್ಟಿದವರೆಲ್ಲ ತಣ್ಣಗಿದೆ ಎಂದು ತೀರ್ಪು ಕೊಡುತ್ತಿದ್ದರು. ಕೊನೆಗೆ ಮೂರ್ತಿಯವರು ಅದನ್ನು ಹಿಡಿದುಕೊಂಡು ಮುಂದೆ ಬಂದರು.

"ತಣ್ಣಗಿರೋದು ಎಲ್ಲಾದ್ರೂ ಸುಡುತ್ತೇನ್ರಿ? ಇದೆಲ್ಲ ಮನಸ್ಸಿಂದು. ಒಂದಿಷ್ಟು ಪ್ರಾಣಾಯಾಮ ಮಾಡ್ಲಿ," ಎಂದು ಲೋಟವನ್ನು ಶ್ರೀಧರನ ಕೈಗಿಟ್ಟರು. "ತಗೊಳ್ಳಿ, ನೀವೇ ಮುಟ್ಟಿ ಹೇಳಿ. ಹೇಗಿದೆ?"

ನಾನು ಶ್ರೀಧರನ ಮುಖ ನೋಡಿದೆ. ಈಗ ಡಾಕ್ಟರಿಲ್ಲ. ಅಷ್ಟು ದಿನದ ಮೇಲೆ ಒಂದು ಚಿಟಿಕೆಗೆ ಮರುಕಳಿಸೀತೇ ಎಂದು ಅನುಮಾನಪಡಲು ಅವನಿಗೆ ಎಲ್ಲ ಕಾರಣವೂ ಇತ್ತು. ಓದಿದ್ದನ್ನು ಈಗ ಎಲ್ಲರಿಗೂ ಬಿಡಿಸಿ ಹೇಳುತ್ತಾನೆ, ಆ ಕಾಯಿಲೆಯ ಹೆಸರು, ಆ ಡಾಕ್ಟರ ಹೆಸರು ಎಲ್ಲ ಬರುತ್ತದೆ ಎಂದುಕೊಂಡೆ. ಅವನು ಲೋಟ ಹಿಡಿದು ನಿಂತಿದ್ದ, ಬೆರಳ ಮೇಲೆ ನೀರಿನ ಹನಿ ಇಳಿಯುತ್ತಿತ್ತು.

"ಅವಳು ಸುಡುತ್ತೆ ಅಂದ್ರೆ ಸುಡುತ್ತೆ ಸರ್," ಎಂದ. ಅಷ್ಟೇ. ಲೋಟ ಮೇಜಿನ ಮೇಲಿಟ್ಟು, ಕರವಸ್ತ್ರ ತೆಗೆದು ನನ್ನ ಸೀರೆ ಒರೆಸಲು ಬಗ್ಗಿದ.

ಇಷ್ಟು ಹೇಳಲು ಇವನಿಗೆ ಜನವರಿಯಿಂದ ಗಣೇಶನ ಹಬ್ಬ ಬೇಕಾಯಿತಲ್ಲ ಎಂದು ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಗ್ಗಿದ ಅವನ ತಲೆಯ ಮೇಲೆ ಕೈಯಿಟ್ಟೆ, ಅಲ್ಲೇ ಅತ್ತುಬಿಟ್ಟೆ.

"ನೋಡಿದ್ರಾ? ನಾನ್ ಹೇಳ್ಲಿಲ್ವಾ, ಸ್ಟ್ರೆಸ್ಸು," ಎಂದರು ಮೂರ್ತಿ.

ನಾವಿಬ್ಬರೂ ಅವರ ಕಡೆ ತಿರುಗಿ ನೋಡಲಿಲ್ಲ.